ಸಂತೆಯ ಜೀಪು

ನೇಮಕ ಪತ್ರಕ್ಕೆ ಸಹಿ ಹಾಕುವಾಗ ಸುದೀಪನಿಗೆ ಅದರಲ್ಲಿದ್ದುದೆಲ್ಲವೂ ನ್ಯಾಯವಾಗಿಯೇ ಕಂಡಿತ್ತು. ಮೂಡಿಗೆರೆಯಾಚೆಯ ಗುಡ್ಡದ ಮೇಲಿನ ಆ ರೆಸಾರ್ಟಿಗೆ ಅವನು ಜನರಲ್ ಮ್ಯಾನೇಜರ್. ಸಂಬಳದ ಜೊತೆಗೆ ಮನೆ, ಮಗಳ ಶಾಲೆಯ ಶುಲ್ಕ, ಡ್ರೈವರ್ ಸಹಿತ ಕಾರು. ಇವುಗಳ ಮೇಲೆ ಒಂದು ಇನ್ಸೆಂಟಿವ್: ವರ್ಷದ ಖರ್ಚನ್ನು ಗೊತ್ತುಪಡಿಸಿದ ಮಿತಿಗಿಂತ ಕೆಳಗಿಳಿಸಿದರೆ, ಉಳಿದದ್ದರಲ್ಲಿ ಅವನಿಗೂ ಪಾಲು.

ಸೋರುವ ನಲ್ಲಿ, ಹಗಲಿನಲ್ಲೂ ಉರಿಯುವ ದೀಪ, ಅತಿಥಿಗಳು ತಟ್ಟೆಯಲ್ಲೇ ಬಿಟ್ಟೇಳುವ ಕಡುಬು, ಎಲ್ಲವನ್ನೂ ಒಂದೊಂದಾಗಿ ಹಿಡಿದು ಸರಿಪಡಿಸಿದ. ಆದರೂ ಗುರಿ ಕೈಗೆಟುಕಲಿಲ್ಲ. ಆಗ ಅವನ ಕಣ್ಣು ಜೀಪಿನ ಮೇಲೆ ಬಿತ್ತು.

ರೆಸಾರ್ಟ್ ಆಗುವ ಮೊದಲು ಅದು ಕಾಫಿ ಎಸ್ಟೇಟು. ಸಂತೆಯ ದಿನ ಆಳುಗಳನ್ನು ಎಸ್ಟೇಟಿನ ಜೀಪೇ ಪೇಟೆಗೆ ಕರೆದೊಯ್ದು ಸಂಜೆ ಮರಳಿ ತಂದುಬಿಡುವುದು ಅಲ್ಲಿನ ವಾಡಿಕೆ. ಅದು ಯಾವ ಕರಾರಿನಲ್ಲೂ ಇರಲಿಲ್ಲ. ಯಾರೂ ಕೇಳಿ ಪಡೆದದ್ದೂ ಅಲ್ಲ. ಹಣ್ಣು ಕೊಯ್ಯುತ್ತಿದ್ದವರು ಅತಿಥಿಗಳ ಹಾಸಿಗೆ ಹಾಸುವವರಾದ ಮೇಲೂ ವಾಡಿಕೆ ಉಳಿದುಕೊಂಡಿತ್ತು. ಸುದೀಪ ಅದನ್ನು ನಿಲ್ಲಿಸಿ, ಜೀಪನ್ನು ಅತಿಥಿಗಳ ದೇವರಮನೆ ಗುಡ್ಡದ ಸವಾರಿಗೆ ಬಾಡಿಗೆಗೆ ಹಚ್ಚಿದ.

“ಜೀಪ್ ಯಾಕೆ ನಿಲ್ತು ಸಾರ್?” ಎಂದು ಹೌಸ್‌ಕೀಪಿಂಗಿನ ಹಿರಿಯಳು ಸಾವಿತ್ರಮ್ಮ ಕೇಳಿದಾಗ, “ಬೆಂಗಳೂರು ಆಫೀಸಿನ ಆರ್ಡರ್, ನನ್ನ ಕೈಲಿಲ್ಲ” ಎಂದುಬಿಟ್ಟ. ಬೆಂಗಳೂರಿನಲ್ಲಿದ್ದುದು ಬುಕಿಂಗ್ ನೋಡಿಕೊಳ್ಳುವ ಇಬ್ಬರು ಹುಡುಗಿಯರು ಮಾತ್ರ.

ಮುಂದಿನ ಸಂತೆಯ ಸಂಜೆ ಅವನು ಕಾರಿನಲ್ಲಿ ಹಿಂತಿರುಗುತ್ತಿದ್ದಾಗ ಹೆಂಗಸರು ಚೀಲ ಹೊತ್ತು ಏರು ಹತ್ತುತ್ತಿದ್ದರು. ಕಾರಿಗೆ ದಾರಿ ಬಿಡಲೆಂದು ಚರಂಡಿಗಿಳಿದು ನಿಂತರು. ಸಾವಿತ್ರಮ್ಮ ನಕ್ಕು ತಲೆಯಾಡಿಸಿದಳು. ಕಿಟಕಿಯ ಗಾಜು ಇಳಿಸಲು ಅವನ ಕೈ ಬರಲಿಲ್ಲ.

ಮತ್ತೆ ಸಂತೆ ಬಂದಾಗ ತನ್ನ ಕಾರನ್ನೇ ಕೆಲಸದವರ ಲೈನ್ ಮನೆಗಳ ಮುಂದೆ ತಂದು ನಿಲ್ಲಿಸಿದ.

“ಹತ್ತಿ. ತಿಮ್ಮಪ್ಪ ಎರಡು ಸಲ ಬಿಟ್ಟು ಬರ್ತಾನೆ.”

ಯಾರೂ ಮಿಸುಕಲಿಲ್ಲ.

“ಅಯ್ಯೋ, ಸಾಹೇಬ್ರ ಕಾರಿಗೆ ನಾವಾ?” ಅಡುಗೆಮನೆಯ ಭುವನಾ ಹಿಂದೆ ಸರಿದಳು. “ಕಾಲೆಲ್ಲ ಕೆಸರು. ಸೀಟು ಹಾಳಾದ್ರೆ?”

“ನಾನೇ ತೊಳೀತೀನಿ ಮಾರಾಯ್ತಿ, ಹತ್ತು” ಎಂದ ಡ್ರೈವರ್ ತಿಮ್ಮಪ್ಪ.

“ಕುಡಿದ ಲೋಟಾನೂ ತೊಳೆಯಲ್ಲ ಅಂತಾಳೆ ನಿನ್ ಹೆಂಡ್ತಿ!” ಎಂದಳು ಭುವನಾ.

ಎಲ್ಲರೂ ನಕ್ಕರು; ಹತ್ತಲಿಲ್ಲ ಮಾತ್ರ. ಸಾಹೇಬರ ಮಾತನ್ನು ತೆಗೆದುಹಾಕುವುದೂ ಸರಿಯಲ್ಲವೆಂದು ಸಾವಿತ್ರಮ್ಮನೇ ಒಂದು ಉಪಾಯ ಮಾಡಿದಳು. ಸಂತೆಯಲ್ಲಿ ಮಾರಲು ಕಟ್ಟಿಟ್ಟಿದ್ದ ಬಾಳೆಕಾಯಿ, ಸುವರ್ಣಗೆಡ್ಡೆಯ ಚೀಲಗಳನ್ನು ಡಿಕ್ಕಿಯಲ್ಲಿ ಜೋಡಿಸಿದಳು.

“ಭಾರ ಕಾರಲ್ಲಿ ಹೋಗ್ಲಿ ಸಾರ್, ನಾವು ಹಿಂದಿಂದ ನಡ್ಕೊಂಡು ಬರ್ತೀವಿ. ಬೆಂಗಳೂರಿನವ್ರಿಗೆ ನಮ್ಮ ಕಷ್ಟ ಎಲ್ಲಿ ಗೊತ್ತಾಗ್ತದೆ? ನೀವು ಇಲ್ಲೇ ಕಳಸದ ಕಡೆಯೋರು, ನಮ್ಮೋರು. ದೇವ್ರು ನಿಮ್ಮನ್ನ ಚೆನ್ನಾಗಿಡ್ಲಿ.”

ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಹರಕೆಯನ್ನು ತಡೆದುಕೊಳ್ಳಲಾಗಲಿಲ್ಲ. ಫೋನ್ ತೆಗೆದು ರೆಸಾರ್ಟಿನ ಮಾಲೀಕ ಜಯದೇವಪ್ಪನವರಿಗೆ ಕರೆ ಮಾಡಿದ. ಮರೆಗೆ ಹೋಗಬಹುದಿತ್ತು, ಹೋಗಲಿಲ್ಲ; ಎಲ್ಲರಿಗೂ ಕೇಳುವಂತೆ ಅಲ್ಲೇ ನಿಂತು ಮಾತಾಡಿದ.

“ಸಾರ್, ಸಂತೆ ಜೀಪ್ ನಿಲ್ಲಿಸಿದ್ದು ನಾನೇ, ನನ್ನ ಇನ್ಸೆಂಟಿವ್‌ಗೋಸ್ಕರ. ಬರೋ ವಾರದಿಂದ ಮತ್ತೆ ಬಿಡ್ತೀನಿ.”

“ಬಿಡಿ, ಯಾರು ಬೇಡ ಅಂದ್ರು? ಆದ್ರೆ ಗುರಿ ತಪ್ತದೆ ಮಾರಾಯ್ರೆ, ಇನ್ಸೆಂಟಿವ್ ಹೋಯ್ತು ಅಂತ್ಲೇ ತಿಳ್ಕೊಳಿ. ಆಮೇಲೆ ನನ್ನ ಕೇಳ್ಬೇಡಿ.”

“ಕೇಳಲ್ಲ ಸಾರ್.”

ಎದೆ ಹಗುರಾಯಿತೆಂದುಕೊಂಡು ಸುದೀಪ ತಿರುಗಿದ. ಯಾರ ಮುಖದಲ್ಲೂ ನಗು ಉಳಿದಿರಲಿಲ್ಲ. ಸಾವಿತ್ರಮ್ಮ ಡಿಕ್ಕಿಯಿಂದ ತನ್ನ ಚೀಲವನ್ನು ಹೊರಗೆಳೆದು ತಲೆಗೇರಿಸಿಕೊಂಡಳು. ಅವಳ ಹಿಂದೆ ಭುವನಾ, ಆಮೇಲೆ ಉಳಿದವರು.

“ಬರೋ ವಾರ ಜೀಪಲ್ಲಿ ಹೋಗ್ತೀವಿ ಸಾರ್” ಎಂದಳು ಸಾವಿತ್ರಮ್ಮ, ಅವನತ್ತ ನೋಡದೆ. “ಈ ವಾರ ನಾವೇ ಹೊತ್ಕೊಳ್ತೀವಿ.”

ತಿಮ್ಮಪ್ಪ ಡಿಕ್ಕಿಯನ್ನು ಸದ್ದಾಗದಂತೆ ಮುಚ್ಚಿದ. ಅವನೂ ಸುದೀಪನ ಮುಖ ನೋಡಲಿಲ್ಲ.