ಮುರಳಿಮೋಹನ್ ಮೇಷ್ಟ್ರ ಮನೆಯ ಚಾರ್ಟು

ಶಿಡ್ಲಘಟ್ಟದ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಪಾಠ ಮಾಡುವ ಮುರಳಿಮೋಹನ್‌ಗೆ ಹನ್ನೊಂದು ವರ್ಷದಿಂದ ಒಂದೇ ಸಿದ್ಧಾಂತದ ಮೇಲೆ ಪ್ರೀತಿ. ಸಮಾಜ ಅಂದರೆ ಒಂದು ದೇಹ. ಮನೆ, ಮದುವೆ, ಶಾಲೆ, ಪಂಚಾಯ್ತಿ ಎಲ್ಲ ಅದರ ಅಂಗಗಳು. ಪ್ರತಿ ಅಂಗವೂ ತನ್ನ ಕೆಲಸ ತಾನು ಮಾಡಿಕೊಂಡಿದ್ದರೆ ದೇಹ ನೆಟ್ಟಗಿರುತ್ತದೆ. ಇದಕ್ಕೆ ರಚನಾ ಕಾರ್ಯವಾದ ಎಂದು ಹೆಸರು. ಇದನ್ನು ಟೀಕಿಸಿದವರ ಅಧ್ಯಾಯ ಬಂದಾಗ ಮಾತ್ರ ಅವನು, "ಇದನ್ನ ನೀವೇ ಓದ್ಕೊಳ್ರಪ್ಪ, ಐದೇ ಮಾರ್ಕ್ಸು" ಎಂದು ಪುಸ್ತಕ ಮುಚ್ಚಿಬಿಡುತ್ತಿದ್ದ.

ಈ ವರ್ಷ ಹುಮಾ ಎಂಬ ಹುಡುಗಿ ಬಿಡಲಿಲ್ಲ. ಅವಳ ಅಪ್ಪ ಉಸ್ಮಾನ್ ಸಾಬರದು ರೇಷ್ಮೆ ನೂಲು ತೆಗೆಯುವ ಕಸುಬು. ಎಳೆ ಸಿಕ್ಕರೆ ಕೊನೆಯವರೆಗೂ ಎಳೆಯುವ ಗುಣ ಮಗಳಿಗೂ ಬಂದಿತ್ತು.

"ಸರ್, ಒಂದು ಪದ್ಧತಿ ಯಾಕಿದೆ ಅಂದ್ರೆ, ಸಮಾಜಕ್ಕೆ ಬೇಕು ಅದಕ್ಕೇ ಇದೆ ಅಂತೀರ. ಬೇಕು ಅಂತ ಹೆಂಗೆ ಗೊತ್ತು ಅಂದ್ರೆ, ಇದೆಯಲ್ಲ ಅಂತೀರ. ಇದು ಒಂದೇ ಕಡೆ ಸುತ್ತು ಹೊಡ್ದಂಗಾಗಲ್ವಾ?"

ತರಗತಿ ಕಿಸಕ್ಕೆಂದಿತು. ಮುರಳಿಮೋಹನ್ ಕನ್ನಡಕ ಒರೆಸಿಕೊಂಡ. "ಬಾಯಲ್ಲಿ ಹೇಳಿದ್ರೆ ಆಗಲ್ಲಮ್ಮ, ಕಣ್ಣಾರೆ ತೋರಿಸ್ತೀನಿ. ಶನಿವಾರ ಎಲ್ಲಾರೂ ಮೇಲೂರಿಗೆ, ನಮ್ಮನೆಗೇ ಬನ್ನಿ."

ಶುಕ್ರವಾರವೆಲ್ಲ ಕೂತು ಅವನೊಂದು ದೊಡ್ಡ ಚಾರ್ಟು ಬರೆದ. ಒಂದು ಮನುಷ್ಯಾಕೃತಿ. ತಲೆ, ಅಪ್ಪ ಮುನಿಶಾಮಪ್ಪ. ಕೈ, ಸಂಬಳ ತರುವ ತಾನು. ಕಾಲು, ದಿನವಿಡೀ ಓಡಾಡುವ ಹೆಂಡತಿ ಕವಿತ. ಹೊಟ್ಟೆ, ಎಲ್ಲರಿಗೂ ಅನ್ನ ಹಾಕುವ ಅಮ್ಮ ರಾಮಲಕ್ಷ್ಮಮ್ಮ.

ಶನಿವಾರ ಬೆಳಿಗ್ಗೆ ಹನ್ನೆರಡು ಮಂದಿ ವಿದ್ಯಾರ್ಥಿಗಳೊಂದಿಗೆ ಅವನು ಬಸ್ಸಿಳಿದು ಬಂದರೆ, ರಾಮಲಕ್ಷ್ಮಮ್ಮ ರೇಷ್ಮೆ ಹುಳು ಸಾಕುವ ಹುಳುಮನೆಯ ಬಾಗಿಲಲ್ಲೇ ತಲೆ ಚಚ್ಚಿಕೊಂಡರು.

"ಅಯ್ಯೋ ದೇವುಡಾ, ಇವತ್ತೇ ಕರ್ಕೊಂಡ್ ಬಂದ್ಯೇನೋ! ಹುಳ ಹಣ್ಣಾಗವೆ ಕಣೋ. ಆಯ್ದು ಬಿದಿರಿನ ಚಂದ್ರಿಕೆ ತಟ್ಟೆಗೆ ಬಿಡ್ದಿದ್ರೆ ಎಲ್ಲೆಂದ್ರಲ್ಲಿ ಗೂಡು ಕಟ್ಕೊಂಡ್ ಕೂತ್ಕೋತವೆ. ಬನ್ರಮ್ಮಾ, ಬನ್ರಪ್ಪಾ, ನಿಂತ್ಕೊಂಡ್ ನೋಡ್ಬೇಡಿ!"

ಐದು ನಿಮಿಷದಲ್ಲಿ ನೋಟ್‌ಬುಕ್ಕುಗಳೆಲ್ಲ ಕಿಟಕಿಯ ಮೇಲಿದ್ದವು. ಮನೆ ತುಂಬ ಗೂಡು ನೋಡಿ ಬೆಳೆದಿದ್ದ ಹುಮಾ ಜೀವಂತ ಹುಳ ಮುಟ್ಟಿದ್ದು ಅದೇ ಮೊದಲು. ಮೊದಲನೆಯದಕ್ಕೆ ಕಿರುಚಿದಳು, ಹತ್ತನೆಯದರ ಹೊತ್ತಿಗೆ ಕವಿತಳ ಜೊತೆ ಹರಟುತ್ತಿದ್ದಳು. ಒಂದು ಗಂಟೆಗೆ ಮಕ್ಕಳಿಗೂ ಮುನಿಶಾಮಪ್ಪನಿಗೂ ಮುರಳಿಮೋಹನ್‌ಗೂ ಮುದ್ದೆ, ಅವರೆಕಾಳು ಸಾರಿನ ಊಟವಾಯಿತು. ಅತ್ತೆ ಸೊಸೆ ಮತ್ತೆ ಹುಳದ ಮುಂದೆ ಕೂತರು.

ಕೆಲಸ ಮುಗಿದಾಗ ಮೂರು ಗಂಟೆ. ಮುರಳಿಮೋಹನ್ ಜಗಲಿಯ ಗೋಡೆಗೆ ಚಾರ್ಟು ಅಂಟಿಸಿ ಕೋಲು ಹಿಡಿದ.

"ಸರ್, ಇಲ್ಲಿ ತಲೆ ಏನ್ ಕೆಲಸ ಮಾಡುತ್ತೆ?" ಎಂದಳು ಹುಮಾ.

ಎಲ್ಲರೂ ತಿರುಗಿ ನೋಡಿದರು. ಮುನಿಶಾಮಪ್ಪ ಕುರ್ಚಿಯಲ್ಲಿ, ಮುಖದ ಮೇಲೆ ಪೇಪರು ಮುಚ್ಚಿಕೊಂಡು, ಅದು ಹಾರಿ ಹಾರಿ ಬೀಳುವಂತೆ ಗೊರಕೆ ಹೊಡೆಯುತ್ತಿದ್ದ.

"ಕೆಲವು ಕೆಲಸಗಳು ಕಣ್ಣಿಗೆ ಕಾಣಲ್ಲ. ಅವಕ್ಕೆ ಸುಪ್ತ ಕಾರ್ಯ ಅಂತೀವಿ."

"ಸುಪ್ತವಾಗೇ ಇದೆ ಸರ್."

ನಗು ನಿಲ್ಲುವವರೆಗೆ ಕಾಯಬೇಕಾಯಿತು. ಕೈ ತೊಳೆದು ಬಂದ ರಾಮಲಕ್ಷ್ಮಮ್ಮ ಚಾರ್ಟಿನ ಮುಂದೆ ನಿಂತರು. "ಇದ್ರಲ್ಲಿ ನಾನೆಲ್ಲಿದೀನೋ?"

"ನೀನು ಹೊಟ್ಟೆ ಅಮ್ಮ. ಎಲ್ಲಾ ಅಂಗಕ್ಕೂ ಶಕ್ತಿ ಕೊಡೋಳು."

"ಹೌದಾ? ಮೂರು ಗಂಟೆ ಆಯ್ತಲ್ಲಪ್ಪ, ಹೊಟ್ಟೆಗಿನ್ನೂ ಊಟ ಆಗಿಲ್ಲ."

ಹುಮಾ ಮೆಲ್ಲಗೆ, "ಅಜ್ಜೀ, ದಿನಾಲೂ ಕೊನೆಗೇ ಉಣ್ತೀರಾ?" ಎಂದಳು. ಅಮ್ಮ ಬಾಯಿ ತೆರೆಯುವ ಮೊದಲೇ ಮುರಳಿಮೋಹನ್ ಉತ್ತರಿಸಿದ: "ಬಡಿಸೋರು ಕೊನೆಗೆ ಉಂಡ್ರೇನೇ ಎಲ್ಲಾರಿಗೂ ಸರಿಯಾಗಿ ಸಿಗೋದು. ಅದ್ರಿಂದ ವ್ಯವಸ್ಥೆಗೆ ಒಳ್ಳೇದು."

"ವ್ಯವಸ್ಥೆ ಅಂದ್ರೆ ಯಾರಪ್ಪಾ?" ರಾಮಲಕ್ಷ್ಮಮ್ಮ ನಿಜವಾಗಿಯೂ ತಿಳಿಯದೆ ಕೇಳಿದರು. "ನಮ್ಮನೇಲಿರೋರೇನಾ?"

ಮುರಳಿಮೋಹನ್ ಕೋಲು ಕೆಳಗಿಟ್ಟ. ಬಸ್ಸಿಗೆ ಹೊತ್ತಾಯಿತು ಎಂದು ಮಕ್ಕಳನ್ನು ಎಬ್ಬಿಸಿದ.

ಮರುದಿನ ಮಧ್ಯಾಹ್ನ ಅವನು ಊಟಕ್ಕೆ ಒಳಗೆ ಹೋದರೆ, ಅಮ್ಮನೂ ಕವಿತಳೂ ಚಾಪೆ ಹಾಸಿಕೊಂಡು ಆಗಲೇ ಕೂತಿದ್ದರು. ಹಬೆಯಾಡುವ ಮುದ್ದೆ, ಮೇಲೆ ತುಪ್ಪ. ಹಿಂದೆಯೇ ಬಂದ ಮುನಿಶಾಮಪ್ಪ ಬಾಗಿಲಲ್ಲೇ ನಿಂತ.

"ಏನೇ ಇದು?"

"ಹೊಟ್ಟೆ ಊಟ ಮಾಡ್ತೈತೆ. ಕಾಲೂ ಜೊತೇಲೈತೆ," ಎಂದರು ರಾಮಲಕ್ಷ್ಮಮ್ಮ ತಲೆಯೆತ್ತದೆ. ಕವಿತ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಮುನಿಶಾಮಪ್ಪ ಕೂಗಾಡಬಹುದು ಎಂದು ಮುರಳಿಮೋಹನ್ ಹೆದರಿದ್ದ. ಆದರೆ ಅಪ್ಪನಿಗೆ ಕೂಗಾಟಕ್ಕಿಂತ ಹಸಿವು ಜಾಸ್ತಿಯಾಗಿತ್ತು. ಆ ಮನೆಯಲ್ಲಿ ಹುಟ್ಟಿ ಬೆಳೆದ ಅಪ್ಪ ತಟ್ಟೆ ಎಲ್ಲಿಡುತ್ತಾರೆ ಎಂದು ತಿಳಿಯದೆ, ಎರಡು ಡಬ್ಬಿ ಉರುಳಿಸಿ, ಕೊನೆಗೆ ಬೋಗುಣಿಯ ಮುಚ್ಚಳದಲ್ಲೇ ಮುದ್ದೆ ಇಟ್ಟುಕೊಂಡು ಕೂತ. ಮುರಳಿಮೋಹನ್ ಅಪ್ಪನಿಗೆ ಸಾರು ಬಡಿಸಿ ಮುಗಿಸುವಷ್ಟರಲ್ಲಿ ಅವನ ಪಾಲಿಗೆ ತಣ್ಣಗಾದ ಮುದ್ದೆಯೂ ತಳದ ತಿಳಿಸಾರೂ ಉಳಿದಿದ್ದವು. ಸೌಟು ಎಷ್ಟು ಆಡಿಸಿದರೂ ಒಂದು ಕಾಳೂ ಸಿಗಲಿಲ್ಲ. ಅಮ್ಮ ಇಷ್ಟು ವರ್ಷ ಉಂಡದ್ದು ಇದನ್ನೇ ಎಂದು ಆಗ ಅವನಿಗೆ ಹೊಳೆಯಿತು.

ಸೋಮವಾರ ತರಗತಿಯಲ್ಲಿ ನಡೆದದ್ದನ್ನೆಲ್ಲ ಮುಚ್ಚಿಡದೆ ಹೇಳಿದ. ಆದರೂ ಹಳೆಯ ಪ್ರೀತಿ ಬಿಡಲಿಲ್ಲ. "ನೋಡಿ, ಮನೆ ಏನೂ ಮುರಿದು ಬೀಳ್ಲಿಲ್ಲ. ವ್ಯವಸ್ಥೆ ಹೊಸ ಸಮತೋಲನ ಕಂಡ್ಕೊಂತು."

ಹುಮಾ ಎದ್ದು ನಿಂತಳು. "ಸರ್, ಅಜ್ಜಿ ಕೊನೆಗೆ ಉಂಡ್ರೂ ಸಮತೋಲನ, ಮೊದಲು ಉಂಡ್ರೂ ಸಮತೋಲನ. ಹಂಗಾದ್ರೆ ಈ ಸಿದ್ಧಾಂತ ತಪ್ಪಾಗೋದು ಯಾವಾಗ ಸರ್?"

ಮುರಳಿಮೋಹನ್ ಬೋರ್ಡು ನೋಡಿದ, ಕಿಟಕಿ ನೋಡಿದ.

"ಗೊತ್ತಿಲ್ಲಮ್ಮ," ಎಂದ.

ಹನ್ನೊಂದು ವರ್ಷದಲ್ಲಿ ಆ ಕೋಣೆಯಲ್ಲಿ ಅವನು ಆ ಮಾತಾಡಿದ್ದು ಅದೇ ಮೊದಲು. ಎದೆ ಹಗುರಾದಂತಾಯಿತು. ಹುಮಾಳ ಕೈಗೆ ಸೀಮೆಸುಣ್ಣ ಕೊಟ್ಟು, "ನೀನೇ ಬಂದು ಬಿಡಿಸಿ ಹೇಳು, ಕೇಳ್ತೀನಿ" ಎಂದು ಹುಡುಗರನ್ನು ಒತ್ತರಿಸಿ ಅವರ ನಡುವೆ ಕೂತುಕೊಂಡ.