ಹೋಗದೇ ಉಳಿದ ಫ್ಯೂಸು

ಹೆಂಡತಿ ಆಡಿದ್ದು ಒಂದೇ ಮಾತು. "ಊರ ಮನೆಗಳಿಗೆಲ್ಲ ದೀಪ ಹಾಕ್ಕೊಟ್ರಿ, ಮಗಳ ಗಾಡಿಗೆ ಮಾತ್ರ ಬೆಂಕಿ ಹಾಕ್ಕೊಟ್ರಿ ನೋಡಿ!"

ಓಣಿಗೆಲ್ಲ ಕರೆಂಟಣ್ಣನಾಗಿದ್ದ ಆ ವೈರ್‌ಮ್ಯಾನ್ ಸ್ಪ್ಯಾನರ್ ಹುಡುಕಲು ಎದ್ದ. ಮಗಳದ್ದು ದೂರದ ಕ್ಲಿನಿಕ್ಕುಗಳಿಂದ ರಕ್ತದ ಸ್ಯಾಂಪಲ್ಲುಗಳನ್ನು ಲ್ಯಾಬಿಗೆ ಮುಟ್ಟಿಸುವ ಕೆಲಸ. ಬೆಳಕು ಹರಿಯುವ ಮೊದಲೇ ಬೈಕು ಹತ್ತಬೇಕು. ಮಂಜು ಬಿತ್ತೆಂದರೆ ಬೈಕಿನ ದೀಪ ಮಿಣುಮಿಣು ಎನ್ನುವುದಷ್ಟೇ. ಅದಕ್ಕೇ ಅವನು ತಾನಾಗಿ ಮುಂದೆ ಬಿದ್ದು ಎರಡು ಮಂಜಿನ ದೀಪ ಹಾಕಿಕೊಟ್ಟಿದ್ದ. ಮೊನ್ನೆ ಒಂದು ತಿರುವಿನಲ್ಲಿ ಟ್ಯಾಂಕಿನ ಕೆಳಗಿಂದ ಹೊಗೆ ಎದ್ದಿತು. ಅವಳು ಸೀಟು ಕಿತ್ತೆಸೆದು, ಬ್ಯಾಟರಿಯ ವೈರನ್ನು ಬರಿಗೈಯಲ್ಲೇ ಎಳೆದು ಬಿಡಿಸಿದಳು. ಗಾಡಿ ಉಳಿಯಿತು, ಸ್ಯಾಂಪಲ್ಲೂ ಉಳಿದವು, ಅಂಗೈ ಸುಟ್ಟಿತು. ಈಗ ಆ ಕೈಗೆ ಬಿಳಿ ಬ್ಯಾಂಡೇಜಿನ ಪಟ್ಟಿ. ಅದು ಕಣ್ಣಿಗೆ ಬಿದ್ದಾಗಲೆಲ್ಲ ಅವನು ಮುಖ ತಿರುಗಿಸಿಕೊಳ್ಳುತ್ತಿದ್ದ.

ಇವತ್ತು ಅವನು ಸೀಟು, ಟ್ಯಾಂಕು ಬಿಚ್ಚಿ ಜಗಲಿಯಲ್ಲಿ ಹರವಿಕೊಂಡು ಕೂತಿದ್ದಾಗ ಮಗಳು ಕಟರ್ ಹಿಡಿದು ಬಂದಳು.

"ಎಲ್ಲಾ ಕಿತ್ತು ಹಾಕ್ಬಿಡೋಣ ಅಪ್ಪಾ. ನಾಳೆಯಿಂದ ಗಾಡೀದೇ ದೀಪದಲ್ಲಿ ಹೋಗ್ತೀನಿ."

"ಆ ಮಂಜಿನಲ್ಲಾ?"

"ಮಂಜಲ್ಲಿ ನಿಧಾನಕ್ಕೆ ಹೋಗಬಹುದು. ಬೆಂಕಿ ಮೇಲೆ ಕೂತ್ಕೊಂಡು ಹೋಗಕ್ಕಾಗಲ್ಲ."

ಅವಳು ದನಿ ಏರಿಸಲಿಲ್ಲ. ಕೂಗಾಡಿದ್ದರೇ ಅವನಿಗೆ ಸಮಾಧಾನವಾಗುತ್ತಿತ್ತು.

"ಸಂಜೆ ತನಕ ಬಿಡು. ಆಗಲೂ ಬೇಡ ಅಂದ್ರೆ ನಾನೇ ಕಿತ್ತು ಕೊಡ್ತೀನಿ," ಎಂದ.

ಅವನ ತಲೆ ಕೊರೆಯುತ್ತಿದ್ದದ್ದು ಫ್ಯೂಸು. ಹ್ಯಾಂಡಲ್ಲಿನ ಪಕ್ಕ ಅವನೇ ಕೂರಿಸಿದ್ದ ಫ್ಯೂಸು ಮದುಮಗನ ಹಾಗೆ ಥಳಥಳಿಸುತ್ತಿತ್ತು. ವೈರು ಸುಟ್ಟು ಕರಕಲಾಗಿದೆ, ಫ್ಯೂಸಿಗೆ ಮಾತ್ರ ಏನೂ ಆಗಿಲ್ಲ! ಬೆರಳಿಟ್ಟು ವೈರಿನ ಗುಂಟ ಹಿಂದಕ್ಕೆ ಹೋದ. ಹ್ಯಾಂಡಲ್ ತಿರುಗುವ ಜಾಗದಲ್ಲಿ ಕಬ್ಬಿಣಕ್ಕೆ ಉಜ್ಜಿ ಉಜ್ಜಿ ಸಿಪ್ಪೆ ಹೋಗಿ ತಾಮ್ರ ಇಣುಕುತ್ತಿತ್ತು. ಅಲ್ಲಿಂದ ಬ್ಯಾಟರಿಯವರೆಗೆ ಕರಕಲು. ಉಜ್ಜಿದ ಜಾಗದಿಂದ ಮುಂದೆ ಫ್ಯೂಸಿನವರೆಗೆ ಹೊಚ್ಚ ಹೊಸದು.

ಶಾರ್ಟ್ ಆಗಿದ್ದು ಬ್ಯಾಟರಿಗೂ ಫ್ಯೂಸಿಗೂ ನಡುವೆ, ಆ ಕರೆಂಟು ಫ್ಯೂಸಿನವರೆಗೆ ಬರಲೇ ಇಲ್ಲ. ಮನೆಯಲ್ಲಿ ಫ್ಯೂಸು ಕೈಗೆ ಎಟುಕುವ ಕಡೆ ಇರಬೇಕು. ಬದುಕಿಡೀ ಹಾಗೇ ಹಾಕಿದವನು ಇಲ್ಲೂ ಹಾಗೇ ಹಾಕಿದ್ದ. ಕಳ್ಳ ನುಗ್ಗಿದ್ದು ತಲೆಬಾಗಿಲಲ್ಲಿ, ಕಾವಲುಗಾರನನ್ನು ಇವನು ಕೂರಿಸಿದ್ದು ಅಡುಗೆಮನೆಯಲ್ಲಿ. ಸಾಲದ್ದಕ್ಕೆ ಯಾವುದೋ ಮನೆಯ ಕೆಲಸದಲ್ಲಿ ಉಳಿದ ಒಂಟಿ ಎಳೆಯ ಗಟ್ಟಿ ವೈರು ಬೇರೆ. ಗೋಡೆಯೊಳಗೆ ಅದು ನೂರು ವರ್ಷ ಮಲಗಿರುತ್ತದೆ. ಬೈಕೇನು ಗೋಡೆಯೇ?

"ತಪ್ಪು ನಂದೇ ಕಣೇ," ಎಂದು ಅಡುಗೆಮನೆಗೆ ಕೇಳುವಂತೆ ಕೂಗಿದ.

"ಕೋಟೆ ಸೂರೆ ಹೋದ್ಮೇಲೆ ದಿಡ್ಡಿ ಬಾಗಿಲು ಹಾಕಿ ಈಗ!"

"ಹಾಕೇ ಹಾಕ್ತೀನಿ. ಇನ್ನೊಂದ್ಸಲ ಸೂರೆ ಹೋಗಬಾರದು."

ಬಿಡಿಭಾಗದ ಅಂಗಡಿಗೆ ಹೋಗಿ ಹೊಸಬನ ಹಾಗೆ ಕೇಳಿ ತಿಳಿದ. ನಾಚಿಕೆಯಾಯಿತು, ಆದರೂ ಕೇಳಿದ. ಬಂದು ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿಟ್ಟ. ಹಳೆಯ ವೈರೆಲ್ಲ ಕಿತ್ತು ಬಹು ಎಳೆಗಳ ಮೆದು ವೈರು ಎಳೆದ. ಫ್ಯೂಸನ್ನು ಬ್ಯಾಟರಿಯ ಪ್ಲಸ್ಸಿನ ಮಗ್ಗುಲಲ್ಲೇ ಕೂರಿಸಿದ, ಅದೂ ವೈರು ತಾಳುವುದಕ್ಕಿಂತ ಕಡಿಮೆ ಕರೆಂಟಿಗೇ ಹೋಗುವಂಥದ್ದು. ಸ್ವಿಚ್ಚಿನ ಮೇಲೆ ಭಾರ ಬೀಳದ ಹಾಗೆ, ಕೀಲಿ ತೆಗೆದರೆ ದೀಪವೂ ಆರುವ ಹಾಗೆ ನಡುವೆ ರಿಲೇ ಎಂಬ ಸಣ್ಣ ಸ್ವಿಚ್ಚಿನ ಡಬ್ಬಿ ಇಟ್ಟ. ಹ್ಯಾಂಡಲ್ ತಿರುಗುವಲ್ಲಿ ವೈರಿಗೆ ಕೊಳವೆ ತೊಡಿಸಿ, ಸ್ವಲ್ಪ ಸಡಿಲ ಬಿಟ್ಟು, ಈ ತುದಿಯಿಂದ ಆ ತುದಿಗೆ ಹ್ಯಾಂಡಲ್ ತಿರುಗಿಸಿ ತಿರುಗಿಸಿ ನೋಡಿದ. ಎಲ್ಲೂ ಎಳೆಯಲಿಲ್ಲ, ಉಜ್ಜಲಿಲ್ಲ. ಬೆನ್ನು ಬಿದ್ದುಹೋಗಿತ್ತು. ಹಠ ಮಾತ್ರ ಇನ್ನೂ ನೆಟ್ಟಗೇ ಇತ್ತು.

ಸಂಜೆ ಮಗಳನ್ನು ಕರೆದ. ಒಂದು ದೀಪಕ್ಕೆ ಹೋಗುವ ವೈರಿನ ತುದಿಯನ್ನು ಮಾತ್ರ ಜೋಡಿಸದೆ ಬಿಟ್ಟಿದ್ದ.

"ಮೈನಸ್ ಹಾಕಿದೀನಿ. ಕೀಲಿ ತಿರುಗ್ಸು, ಸ್ವಿಚ್ ಒತ್ತು. ಈ ತುದೀನ ಗಾಡಿ ಮೈಗೆ ತಾಗಿಸ್ತೀನಿ."

"ಅಪ್ಪಾ, ಹುಚ್ಚಾ?"

"ಮೊನ್ನೆ ಆಗಿದ್ದು ಇದೇ ತಾನೆ? ಇಲ್ಲೇ ಇನ್ನೊಂದ್ಸಲ ಆಗ್ಲಿ. ನೀನು ನೋಡ್ಬೇಕು."

ಒಳಗಿಂದ ಹೆಂಡತಿ ಬಕೆಟ್ಟಿನ ತುಂಬ ಮರಳು ಹೊತ್ತು ತಂದು ಪಕ್ಕದಲ್ಲಿ ಕುಕ್ಕಿದಳು. ಶಾರ್ಟ್ ಆಗದಿರಲಿ ಎಂದೇ ದುಡಿದವನು ಬೇಕೆಂದೇ ಶಾರ್ಟ್ ಮಾಡುತ್ತಿದ್ದದ್ದು ಇದೇ ಮೊದಲು. ಮಗಳು ಸ್ವಿಚ್ ಒತ್ತಿದಳು, ಜೋಡಿಸಿದ್ದ ದೀಪ ಹತ್ತಿತು. ಅವನು ಇಕ್ಕಳದಲ್ಲಿ ವೈರಿನ ತುದಿ ಹಿಡಿದು ತಾಗಿಸಿದ.

ಟಕ್ ಎಂದಿತು, ಅಷ್ಟೇ. ಉರಿಯುತ್ತಿದ್ದ ಇನ್ನೊಂದು ಮಂಜಿನ ದೀಪ ಆರಿತು. ಹೊಗೆಯಿಲ್ಲ, ವಾಸನೆಯಿಲ್ಲ. ಬೈಕಿನ ಸ್ವಂತ ದೀಪ ಉರಿಯುತ್ತಲೇ ಇತ್ತು. ಮಗಳು ಬಗ್ಗಿ ವೈರಿನ ಮೇಲೆ ಉದ್ದಕ್ಕೂ ಬೆರಳಾಡಿಸಿದಳು, ತಣ್ಣಗಿತ್ತು. ಫ್ಯೂಸು ಕಿತ್ತು ಬೆಳಕಿಗೆ ಹಿಡಿದಳು. ಒಳಗಿನ ಎಳೆ ತುಂಡಾಗಿತ್ತು.

ಆಮೇಲೆ ಫ್ಯೂಸನ್ನೇ ನೋಡುತ್ತ ಹೇಳಿದಳು.

"ಅವತ್ತು ಲ್ಯಾಬಲ್ಲಿ ಎಲ್ಲರೂ ಕೇಳಿದ್ರು ಅಪ್ಪಾ, ಯಾರು ಮಾಡಿದ್ದು ಈ ವೈರಿಂಗು ಅಂತ. ಯಾರೋ ದಾರೀಲಿ ಸಿಕ್ಕಿದವನು ಅಂದ್ಬಿಟ್ಟೆ."

ಅವಳ ಸುಟ್ಟ ಅಂಗೈಗಿಂತ ಈ ಮಾತು ಅವನನ್ನು ಹೆಚ್ಚು ಸುಟ್ಟಿತು. ತಲೆ ತಗ್ಗಿಸಿಯೇ ಕೇಳಿದ, "ನಾಳೆ ಕೇಳಿದ್ರೆ?"

"ಯಾರೂ ಕೇಳದೇ ಇದ್ರೂ ಹೇಳ್ತೀನಿ, ನಮ್ಮಪ್ಪ ಅಂತ," ಎಂದಳು. ಹೊಸ ಫ್ಯೂಸಿಗಾಗಿ ಪಟ್ಟಿ ಸುತ್ತಿದ ಕೈಯನ್ನು ಅವನ ಮುಂದೆ ಚಾಚಿದಳು.