ಅಲುಗಾಡದೆ ಹತ್ತು ನಿಮಿಷ

ಬೊಗಳಬಾರದು, ಹಾರಬಾರದು, ಹಾಸಿಗೆಯ ಮೇಲೆ ಹತ್ತು ನಿಮಿಷ ಅಲುಗಾಡದೆ ಮಲಗಿರಬೇಕು. ಹಾಗಿದ್ದರೆ ಮಾತ್ರ ನಾಯಿಯನ್ನು ಒಳಗೆ ಬಿಡುತ್ತೇನೆ ಎಂದು ವೃದ್ಧಾಶ್ರಮದ ಸಿಸ್ಟರ್ ರುಮೆನಾಗೆ ಖಡಾಖಂಡಿತವಾಗಿ ಹೇಳಿದ್ದಳು. ಆದರೆ ಆ ಗೇಣುದ್ದದ ಚುಷ್ಕಾಗೆ ಹತ್ತು ನಿಮಿಷವೆಂದರೆ ಒಂದು ಜನ್ಮ. ಚುಷ್ಕಾ ಎಂದರೆ ದಪ್ಪ ಮೆಣಸಿನಕಾಯಿ; ಆ ಹೆಸರನ್ನು ಅದಕ್ಕೆ ಇಟ್ಟವಳು ರುಮೆನಾಳ ಅಮ್ಮ ಯೋರ್ದಾಂಕಾ. ಯಾರಾದರೂ ಬಂದು ಕೂತರೆ ಸಾಕು, ನೆಲದಿಂದ ಮಡಿಲಿಗೆ, ಮಡಿಲಿಂದ ಹೆಗಲಿಗೆ, ಹೆಗಲಿಂದ ನೇರ ಮೂಗಿಗೆ. ಅಮ್ಮ ಬಯ್ಯುತ್ತ ಬಯ್ಯುತ್ತಲೇ ಬಾನಿತ್ಸಾ ಎಂಬ ಚೀಸಿನ ಕಡುಬಿನ ಗರಿಗರಿ ಅಂಚು ಮುರಿದು ಅದರ ಬಾಯಿಗಿಡುತ್ತಿದ್ದಳು. ಹಾಗೆ ಸಾಕಿದ ನಾಯಿ ತಲೆ ಮೇಲೆ ಕೂರದೆ ಇನ್ನೇನು ಮಾಡೀತು?

ಈ ಬೇಸಿಗೆಯಿಂದ ಆಶ್ರಮದಲ್ಲಿದ್ದ ಅಮ್ಮನಿಗೆ ಮಗಳ ಗುರುತೇ ಹತ್ತುತ್ತಿರಲಿಲ್ಲ. ರುಮೆನಾ ಎದುರಿಗೆ ಕೂತರೆ, "ನೀವ್ಯಾರಮ್ಮ? ನಮ್ ಚುಷ್ಕಾನ ಎಲ್ಲಾದ್ರೂ ನೋಡಿದ್ರಾ?" ಎಂದು ಕೇಳುತ್ತಿದ್ದಳು. ಮೊದಲ ಸಲ ರುಮೆನಾ ಬಸ್ಸಿನಲ್ಲಿ ಕೂತು ಅತ್ತಳು. ಆಮೇಲೆ ಅಳು ಬರುವುದೇ ನಿಂತುಹೋಯಿತು. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ದವಡೆಯ ಹಾಗೆ ಒಳಗೆಲ್ಲ ಜೋಮು. ಉಳಿದದ್ದು ಒಂದೇ ಆಸೆ. ನಾಯಿಯ ಗುರುತು ಹತ್ತಿದರೆ, ಅದನ್ನು ಎತ್ತಿಕೊಂಡು ಬಂದವಳು ಯಾರೆಂದು ಅಮ್ಮ ಒಮ್ಮೆ ತಲೆಯೆತ್ತಿ ನೋಡಬಹುದು.

ಅಡುಗೆಮನೆಯಲ್ಲಿ ಕಂಬಳಿಯ ತುಂಡು ಹಾಸಿ ಪಾಠ ಶುರುಮಾಡಿದಳು. ಹಾರಿದರೆ ಬೆನ್ನು ತಿರುಗಿಸುವುದು, ಬೊಗಳಿದರೆ ಕಿವುಡಿಯಂತೆ ನಿಲ್ಲುವುದು. ಸುಮ್ಮನೆ ಮಲಗಿದರೆ ಚೀಸಿನ ಒಂದು ಚೂರು, ಅದೂ ನಗದೆ, ಮುದ್ದಿಸದೆ. ಬೇರೆ ಯಾರಾದರೂ ಎರಡನೇ ದಿನಕ್ಕೇ ಸೋತು ನಾಯಿಯನ್ನು ಎತ್ತಿಕೊಳ್ಳುತ್ತಿದ್ದರು. ಕರಗುವುದಕ್ಕೆ ರುಮೆನಾಳೊಳಗೆ ಏನೂ ಉಳಿದಿರಲಿಲ್ಲ, ಹಾಗಾಗಿ ಒಳ್ಳೆಯ ಗುರುವೇ ಆದಳು.

ಪಕ್ಕದ ಮನೆಯ ಮುದುಕ ತೊಶ್ಕೊ ಬಾಗಿಲ ಗಂಟೆ ಬಾರಿಸುವ ಕೆಲಸ ವಹಿಸಿಕೊಂಡ.

"ಏನೇ, ನಾಯೀನ ಮಠಕ್ಕೆ ಸೇರಿಸ್ತೀಯಾ ಹೆಂಗೆ?"

"ಗಂಟೆ ಹೊಡೀರಿ ಮಾಮ, ಮಾತು ಬೇಡ."

"ಹೊಡೀತೀನಿ ಕಣೇ. ನಿನ್ ಮುಖ ನೋಡಿದ್ರೆ ನಂಗೇ ಆ ಕಂಬಳಿ ಮೇಲೆ ಮಲ್ಕೊಂಡ್ಬಿಡೋಣ ಅನ್ಸುತ್ತೆ!"

ರುಮೆನಾ ನಗಲಿಲ್ಲ. ಐದನೇ ವಾರದ ಹೊತ್ತಿಗೆ ಗಂಟೆ ಎಷ್ಟು ಬಾರಿಸಿದರೂ ಚುಷ್ಕಾ ಕಿವಿ ಮಾತ್ರ ಅಲುಗಿಸುತ್ತಿತ್ತು. ಭಾನುವಾರ ಅದನ್ನು ಕಂಕುಳಲ್ಲಿ ಇರುಕಿಕೊಂಡು ಬಸ್ಸು ಹತ್ತಿದಳು.

ಅಮ್ಮ ದಿಂಬಿಗೊರಗಿ ಕೂತಿದ್ದಳು. ರುಮೆನಾ ನಾಯಿಯನ್ನು ಹಾಸಿಗೆಯ ಮೇಲೆ ಅವಳ ಕಾಲ ಬಳಿ ಇಳಿಸಿದಳು. ಅದು ಮುಂಗಾಲುಗಳ ಮೇಲೆ ಗದ್ದವಿಟ್ಟು ಮಲಗಿತು. ಮೈ ಸಣ್ಣಗೆ ನಡುಗುತ್ತಿತ್ತು, ಜಾಗ ಬಿಟ್ಟು ಮಾತ್ರ ಕದಲಲಿಲ್ಲ. ಅದರ ಕಣ್ಣಿದ್ದದ್ದು ಅಮ್ಮನ ಮೇಲಲ್ಲ, ರುಮೆನಾಳ ಮೇಲೆ.

"ಚುಷ್ಕಾ ಬಂದಿದ್ದಾಳೆ ನೋಡಮ್ಮ."

ಅಮ್ಮ ಬಗ್ಗಿ ನೋಡಿದಳು. ಅಲ್ಲವೆಂಬಂತೆ ಗದ್ದ ಮೇಲೆತ್ತಿ "ಚ್" ಎಂದಳು.

"ನಮ್ದಲ್ಲ ಇದು. ನಮ್ದಾಗಿದ್ರೆ ಇಷ್ಟೊತ್ತಿಗೆ ನನ್ ಮೂಗು ನೆಕ್ತಾ ಇರ್ತಿತ್ತು. ಯಾರ್ದೋ ಏನೋ ಪಾಪ, ಹುಷಾರಿಲ್ಲ ಅದಕ್ಕೆ. ಕರ್ಕೊಂಡ್ಹೋಗಿ."

ರುಮೆನಾಳ ಎದೆಗೆ ಎಷ್ಟೋ ತಿಂಗಳ ಮೇಲೆ ಏನೋ ಚುಚ್ಚಿತು. ಸುಮ್ಮನಿರುವುದನ್ನು ಕಲಿಸಿದ್ದಳು. 'ಸಾಕು, ಇನ್ನು ಏಳು' ಎಂಬುದನ್ನು ಕಲಿಸಿಯೇ ಇರಲಿಲ್ಲ.

"ಏಳೇ ಚುಷ್ಕಾ. ಹೋಗೇ, ಹಾರೇ."

ಅಮ್ಮ ಗೋಡೆಯ ಕಡೆಗೆ ತಿರುಗಿಕೊಂಡಳು. ಬಾಗಿಲಲ್ಲಿ ನಿಂತಿದ್ದ ಸಿಸ್ಟರ್, "ಬಂಗಾರದಂಥ ನಾಯಿ ಕಣ್ರೀ! ವಾರ ವಾರ ಕರ್ಕೊಂಡ್ಬನ್ನಿ," ಎಂದಳು.

ರುಮೆನಾ ಮಂಚದ ಪಕ್ಕ ಮಂಡಿಯೂರಿ, ನಾಯಿಯ ಕಿವಿಗೆ ಬಾಯಿಟ್ಟು, "ಒಂದೇ ಒಂದ್ಸಲ ಬೊಗಳೇ, ನಿನ್ ದಮ್ಮಯ್ಯ," ಎಂದು ಬೇಡಿಕೊಂಡಳು. ತನ್ನಿಂದ ಏನೋ ತಪ್ಪಾಗಿದೆ ಎಂದುಕೊಂಡ ಚುಷ್ಕಾ ಉಸಿರನ್ನೂ ಬಿಗಿಹಿಡಿದು, ಇನ್ನಷ್ಟು ಮುದುಡಿ ಮಲಗಿತು.